ಚಾರ್ಲ್ಸ್ ಮ್ಯಾಕಿಂಟಾಷ್

ಮಳೆಗಾಲದಲ್ಲಿ ಮಳೆಯಂಗಿಯನ್ನು ತೊಟ್ಟು ಹೊರಗೆ ಹೋಗುವುದು ಇಂದು ಸಾಮಾನ್ಯ ಸಂಗತಿ. ಇನ್ನೂರು ವರ್ಷಗಳ ಹಿಂದೆ ಹೀಗಿರಲಿಲ್ಲ. ಎಣ್ಣೆಯನ್ನೋ ಮೇಣವನ್ನೋ ಬಳಿದ ಒರಟು ಬಟ್ಟೆಗಳೇ ಆಗ ಗತಿಯಾಗಿದ್ದವು. ಈ ಕೊರತೆಯನ್ನು ನೀಗಲು ಶ್ರಮಿಸಿದವರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಪ್ರಮುಖನು.

ಅವನು 1766ರ ಡಿಸೆಂಬರ್ 29ರಂದು ಗ್ಲಾಸ್ಗೋದಲ್ಲಿ ಜನಿಸಿದನು. ಅವನ ತಂದೆ ಬಟ್ಟೆಗೆ ಹಾಕುವ ಬಣ್ಣಗಳನ್ನು ತಯಾರಿಸುತ್ತಿದ್ದನು. ಚಾರ್ಲ್ಸನು ಗುಮಾಸ್ತನಾಗಿ ದುಡಿಯುತ್ತಲೇ ಬಿಡುವಿನ ವೇಳೆಯನ್ನು ರಸಾಯನಶಾಸ್ತ್ರದ ಅಭ್ಯಾಸಕ್ಕೆ ಮೀಸಲಿಟ್ಟನು; ಜೋಸೆಫ್ ಬ್ಲ್ಯಾಕ್ ಎಂಬ ಪ್ರಸಿದ್ಧ ವಿಜ್ಞಾನಿಯ ಉಪನ್ಯಾಸಗಳನ್ನು ಕೇಳಿದನು. ಇಪ್ಪತ್ತು ವರ್ಷ ತುಂಬುವ ಮೊದಲೇ ಗುಮಾಸ್ತಿಕೆಯನ್ನು ತೊರೆದು ರಾಸಾಯನಿಕ ವಸ್ತುಗಳ ತಯಾರಿಕೆಗೆ ತೊಡಗಿದನು.

ಬಣ್ಣದ ಉದ್ಯಮಕ್ಕೆ ಅಮೋನಿಯ ಅಗತ್ಯವಾಗಿತ್ತು. ದೀಪಗಳಿಗಾಗಿ ಕಲ್ಲಿದ್ದಲಿನಿಂದ ಅನಿಲವನ್ನು ತೆಗೆಯುತ್ತಿದ್ದ ಗ್ಲಾಸ್ಗೋದ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಡಾಂಬರನ್ನೂ ಕೊಳಕು ದ್ರವವನ್ನೂ ಮ್ಯಾಕಿಂಟಾಷ್ ಇದಕ್ಕಾಗಿ ಕೊಂಡುಕೊಂಡನು. ಡಾಂಬರನ್ನು ಬಟ್ಟಿಯಿಳಿಸಿದಾಗ ನಾಫ್ತಾ ಎಂಬ ಎಣ್ಣೆಯೂ ದೊರೆಯಿತು. ಅದನ್ನು ವ್ಯರ್ಥವಾಗಿ ಚೆಲ್ಲಲು ಅವನಿಗೆ ಮನಸ್ಸಾಗಲಿಲ್ಲ. ಡಾಂಬರಿನ ಇಂತಹ ಎಣ್ಣೆಯಲ್ಲಿ ರಬ್ಬರು ಕರಗುವುದೆಂದು ಜೇಮ್ಸ್ ಸೈಮ್ ಎಂಬ ವೈದ್ಯಕೀಯ ವಿದ್ಯಾರ್ಥಿಯು ಮೊದಲೇ ಕಂಡುಕೊಂಡಿದ್ದನು. ಅದನ್ನು ಬಟ್ಟೆಯ ಉದ್ಯಮಕ್ಕೆ ಅಳವಡಿಸಿದ ಕೀರ್ತಿ ಮ್ಯಾಕಿಂಟಾಷನದು.

ರಬ್ಬರಿನ ದ್ರಾವಣವನ್ನು ಬಟ್ಟೆಗೆ ಬಳಿದರೆ ಅದು ಮೈಗೂ ಕೈಗೂ ಅಂಟುತ್ತಿತ್ತು. ಮ್ಯಾಕಿಂಟಾಷ್ ಇದಕ್ಕೆ ಸರಳವಾದ ಉಪಾಯವನ್ನು ಕಂಡುಹಿಡಿದನು. ಬಳಿದ ಪದರದ ಮೇಲೆ ಇನ್ನೊಂದು ಬಟ್ಟೆಯನ್ನು ಹೊದಿಸಿ ಒತ್ತಿದನು. ರಬ್ಬರು ಎರಡು ಬಟ್ಟೆಗಳ ನಡುವೆ ಅಡಗಿ ನೀರನ್ನು ತಡೆಯಿತು. 1823ರಲ್ಲಿ ಈ ವಿಧಾನಕ್ಕೆ ಪೇಟೆಂಟು ದೊರೆಯಿತು. ಮ್ಯಾಂಚೆಸ್ಟರಿನಲ್ಲಿ ಕಾರ್ಖಾನೆಯೂ ಸ್ಥಾಪನೆಯಾಯಿತು.

ಆದರೆ ನೀರನ್ನು ಒಮ್ಮೆ ತಡೆಯುವುದು ಬೇರೆ, ಬಹುಕಾಲ ತಡೆಯುವುದು ಬೇರೆ. ದರ್ಜಿಯ ಸೂಜಿ ಮಾಡಿದ ರಂಧ್ರಗಳಿಂದ ನೀರು ಒಳಸೇರುತ್ತಿತ್ತು. ಉಣ್ಣೆಯಲ್ಲಿನ ಜಿಡ್ಡು ರಬ್ಬರನ್ನು ಕೆಡಿಸುತ್ತಿತ್ತು. ಚಳಿಯಲ್ಲಿ ಅಂಗಿ ಹಲಗೆಯಂತೆ ಬಿರುಸಾಗುತ್ತಿತ್ತು. ಸೆಕೆಯಲ್ಲಿ ಮೆತ್ತಗಾಗಿ ಅಂಟುತ್ತಿತ್ತು. ದುರ್ವಾಸನೆಯೂ ಇತ್ತು. ಜನರು ದೂರಿದರೂ ಮ್ಯಾಕಿಂಟಾಷ್ ಎದೆಗುಂದಲಿಲ್ಲ. ರಬ್ಬರನ್ನು ಹದಗೊಳಿಸುವುದರಲ್ಲಿ ನಿಪುಣನಾದ ಥಾಮಸ್ ಹ್ಯಾನ್‌ಕಾಕನನ್ನು ಜೊತೆಗೂಡಿಸಿಕೊಂಡು ಬಟ್ಟೆಯನ್ನು ಸುಧಾರಿಸುತ್ತ ಬಂದನು.

1843ರ ಜುಲೈ 25ರಂದು ಮ್ಯಾಕಿಂಟಾಷ್ ತೀರಿಕೊಂಡನು. ಅದೇ ವರ್ಷದ ನವೆಂಬರಿನಲ್ಲಿ ಹ್ಯಾನ್‌ಕಾಕನು ರಬ್ಬರನ್ನು ಗಂಧಕದೊಡನೆ ಕಾಯಿಸುವ ವಿಧಾನಕ್ಕೆ ಪೇಟೆಂಟು ಕೋರಿದನು. ಅಮೆರಿಕದ ಚಾರ್ಲ್ಸ್ ಗುಡ್‌ಇಯರನೂ ಇದೇ ವಿಧಾನವನ್ನು ಸಾಧಿಸಿದ್ದನು. ಗಂಧಕವು ರಬ್ಬರಿನ ಉದ್ದನೆಯ ಅಣುಗಳನ್ನು ಒಂದಕ್ಕೊಂದು ಬಿಗಿಯುವುದರಿಂದ ರಬ್ಬರು ಚಳಿಗೂ ಸೆಕೆಗೂ ಜಗ್ಗದಾಯಿತು. ಇಪ್ಪತ್ತು ವರ್ಷ ಬಯಸಿದ ಬಾಳಿಕೆ ಕೈಗೂಡುವ ಹೊತ್ತಿಗೆ ಅದನ್ನು ಬಯಸಿದವನೇ ಇರಲಿಲ್ಲ.

ಇಂಗ್ಲಿಷಿನಲ್ಲಿ ಮಳೆಯಂಗಿಗೆ ಅವನ ಹೆಸರೇ ನಿಂತಿದೆ. ಇಂದು ನೈಲಾನ್, ಪಾಲಿಯೆಸ್ಟರ್‌ಗಳಂತಹ ಕೃತಕ ನೂಲಿನ ಬಟ್ಟೆಗಳಿಗೆ ನೀರನ್ನು ತಡೆಯುವ ಬಗೆಬಗೆಯ ಲೇಪಗಳನ್ನು ಕೊಡುತ್ತಾರೆ. ಒಗೆತಕ್ಕೂ ಮಡಿಕೆಗೂ ಬಿಸಿಲಿಗೂ ಆ ಲೇಪ ತಾಳಬಲ್ಲದೆ ಎಂಬುದನ್ನು ಈಗಲೂ ಪರೀಕ್ಷಿಸುತ್ತಾರೆ. ಇತರರು ಕಸವೆಂದು ಬಿಟ್ಟುದರಲ್ಲಿ ಉಪಯೋಗವನ್ನು ಕಂಡು, ದೋಷಗಳಿಗೆ ಹೆದರದೆ ದುಡಿದ ಮ್ಯಾಕಿಂಟಾಷನ ಬಾಳು ಅನುಕರಣೀಯವಾದುದು.