ಹೆಬ್ಬಾಳದ ವಿದ್ಯಾಶಿಲ್ಪಿ ಡಾ. ಲೆಸ್ಲಿ ಕೋಲ್ಮನ್

ಸೂಲಿಬೆಲೆಯ ರಾಗಿ ಹೊಲಗಳ ನಡುವೆ ಬೆಳೆದು, ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ನೆಲಜಲಗಳ ಸಂರಕ್ಷಣೆಯನ್ನು ಅಭ್ಯಸಿಸಲು ಹೊರಡುವ ನಮ್ಮ ಮಕ್ಕಳು, ಆ ವಿದ್ಯೆಗೆ ನಾಡಿನಲ್ಲಿ ತಳಹದಿ ಹಾಕಿದವರಲ್ಲಿ ಪ್ರಮುಖರಾದ ಡಾ. ಲೆಸ್ಲಿ ಕೋಲ್ಮನ್ನರ ಹೆಸರನ್ನು ಅರಿತಿರಬೇಕಾದುದು ಉಚಿತವಷ್ಟೆ.

1878ರಲ್ಲಿ ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ಜನಿಸಿದ ಅವರು ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿ, ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಪದವಿಯನ್ನು ಗಳಿಸಿದರು. ಅವರು ಕೈಗೊಂಡ ಸಂಶೋಧನೆ ನೈಟ್ರೀಕರಣವನ್ನು ಕುರಿತದ್ದು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಣ್ಣಿನ ಅಮೋನಿಯವನ್ನು ಪೈರು ಹೀರಬಲ್ಲ ನೈಟ್ರೇಟಾಗಿ ಮಾರ್ಪಡಿಸುವ ಕ್ರಿಯೆಯಿದು. ಮಣ್ಣು ಜಡವಲ್ಲ, ಜೀವಿಗಳ ನೆಲೆ ಎಂಬ ಈ ತಿಳಿವಿನೊಡನೆ ಅವರು 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು.

ಆಗ ಮಲೆನಾಡಿನ ಅಡಕೆ ತೋಟಗಳನ್ನು ಕೊಳೆರೋಗವು ಪೀಡಿಸುತ್ತಿದ್ದಿತು. ಮಳೆಗಾಲದಲ್ಲಿ ಎಳೆಕಾಯಿಗಳು ಕೊಳೆತು ಉದುರುತ್ತಿದ್ದವು; ಕೊನೆಗಳಿಗೆ ಕೊಟ್ಟೆ ಕಟ್ಟುವುದೇ ಬೆಳೆಗಾರರಿಗೆ ತಿಳಿದ ರಕ್ಷಣೆ. ಕೋಲ್ಮನ್ನರು ರೋಗಕಾರಕ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ವಿವರ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಬಳಕೆಯಲ್ಲಿದ್ದ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಅಡಕೆಯ ಕೊನೆಗಳಿಗೆ ಸಿಂಪಡಿಸುವ ಪದ್ಧತಿಯನ್ನು ಬಳಕೆಗೆ ತಂದರು. ಕೊಳೆತ ಕಾಯಿಯನ್ನು ಅದು ಬದುಕಿಸದು; ಮಳೆ ಹಿಡಿಯುವ ಮುನ್ನವೇ ಸಿಂಪಡಿಸಬೇಕು. ಇಂದಿಗೂ ಮಲೆನಾಡು ಅದನ್ನೇ ಆಶ್ರಯಿಸಿದೆ. ವರ್ಷವರ್ಷವೂ ಸಿಂಪಡಿಸಿದ ತಾಮ್ರವು ಮಣ್ಣಿನಲ್ಲಿ ಸಂಚಯವಾಗುವುದು ಈಗಿನ ಮಣ್ಣುವಿಜ್ಞಾನಿಗಳ ಚಿಂತೆಗೆ ಕಾರಣವಾಗಿದೆ. ಮಣ್ಣಿನ ಜೀವಿಗಳನ್ನೇ ಓದಿ ಬಂದವರ ಪರಿಹಾರದಿಂದ ಈ ಪ್ರಶ್ನೆ ಹುಟ್ಟಿತೆಂಬುದು ವಿಚಿತ್ರವಾದರೂ, ಅಂದು ಬೆಳೆಗಾರನ ಮನೆ ಉಳಿದುದು ಅದರಿಂದಲೇ ಎಂಬುದನ್ನು ಮರೆಯಲಾಗದು.

ಜೋಳವನ್ನು ತಿನ್ನುವ ರೆಕ್ಕೆಬಲವಿಲ್ಲದ ಮಿಡತೆಯೊಂದಕ್ಕೆ ವಿಜ್ಞಾನಿಗಳು ಕೋಲ್ಮೇನಿಯ ಎಂದು ಅವರ ಹೆಸರನ್ನೇ ಇಟ್ಟರು. ಬಯಲುಸೀಮೆಯ ರಾಗಿ ಬೇಸಾಯವನ್ನೂ ಅವರು ಅಲಕ್ಷಿಸಲಿಲ್ಲ. 1920ರಲ್ಲಿ ಆ ಬಗೆಗೆ ಪುಸ್ತಿಕೆಯನ್ನು ಹೊರತಂದರು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನ ಕೇಂದ್ರ, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ, ಇವುಗಳ ಹಿಂದೆಯೂ ಅವರ ಶ್ರಮವಿದೆ.

ಆದರೂ ಅವರ ಹಿರಿಯ ಕೊಡುಗೆ ಹೆಬ್ಬಾಳದ್ದು. ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು 1899ರಲ್ಲಿ ಪ್ರಯೋಗಕ್ಷೇತ್ರಕ್ಕೆಂದು ದಾನವಿತ್ತ 30 ಎಕರೆ ಭೂಮಿಯ ನೆಲೆಯಲ್ಲೇ 1913ರಲ್ಲಿ ಕೃಷಿಶಾಲೆ ಆರಂಭವಾಯಿತು. ಸಂಶೋಧನೆಯೊಂದು ಹಸ್ತಪ್ರತಿಯಲ್ಲಿ ಉಳಿದರೆ ಫಲವಿಲ್ಲ, ಅದನ್ನು ಹೊಲಕ್ಕೊಯ್ಯುವ ತರುಣರು ಬೇಕೆಂಬ ದೃಷ್ಟಿ ಅದರಲ್ಲಿ ಕಾಣುತ್ತದೆ. 1934ರಲ್ಲಿ ಅವರು ನಿವೃತ್ತರಾದರು. ಶಾಲೆ 1946ರಲ್ಲಿ ಕಾಲೇಜಾಯಿತು. 1954ರಲ್ಲಿ ಕೋಲ್ಮನ್ನರು ದಿವಂಗತರಾದರು. ಅದಾಗಿ ಹತ್ತು ವರ್ಷಗಳಿಗೆ ಹೆಬ್ಬಾಳದಲ್ಲಿ ವಿಶ್ವವಿದ್ಯಾನಿಲಯವು ತಲೆಯೆತ್ತಿತು.