ಲಘು-ಗುರು ಎಣಿಸಿದ ಮಹಾವೀರಾಚಾರ್ಯರು

ಮಕ್ಕಳೇ, ಪದ್ಯದ ಲಘು-ಗುರುಗಳಿಗೂ ಗಣಿತಕ್ಕೂ ನಂಟಿದೆ, ಗೊತ್ತೇ?

9ನೇ ಶತಮಾನದಲ್ಲಿ ನಮ್ಮ ರೋಣ, ನರಗುಂದ, ಗಜೇಂದ್ರಗಡ ಸೀಮೆ ರಾಷ್ಟ್ರಕೂಟರ ಆಳ್ವಿಕೆಯಲ್ಲಿತ್ತು. ದೊರೆ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞರೇ ಮಹಾವೀರಾಚಾರ್ಯರು. ಆಗ ಗಣಿತವು ಹೆಚ್ಚಾಗಿ ಖಗೋಳ ಗ್ರಂಥಗಳ ಒಂದು ಭಾಗವಾಗಿರುತ್ತಿತ್ತು. ಇವರು ಸುಮಾರು 850ರಲ್ಲಿ ಗಣಿತಕ್ಕೆಂದೇ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದರು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದನು.

ಆರು ರುಚಿಗಳಲ್ಲಿ ಎರಡೆರಡನ್ನು ಬೆರೆಸಿದರೆ ಎಷ್ಟು ಬಗೆ? ಪಟ್ಟಿ ಮಾಡಿದರೆ ಒಂದೆರಡು ಬಿಟ್ಟುಹೋಗಬಹುದು. ಅವರ ಸೂತ್ರದಂತೆ 6×5ನ್ನು 1×2ರಿಂದ ಭಾಗಿಸಿರಿ, ಉತ್ತರ 15. ಛಂದಸ್ಸಿನ ಎಣಿಕೆಯನ್ನೂ ಅವರು ತಿಳಿಸಿದ್ದಾರೆ. ಮೂರು ಅಕ್ಷರಗಳಲ್ಲಿ ಲಘು-ಗುರುಗಳ ಜೋಡಣೆ 2×2×2, ಅಂದರೆ 8. ಇವೇ ಎಂಟು ಗಣಗಳು.

ಈಗ ನಾವೊಂದು ನಿಯಮ ಹಾಕೋಣ. ಲಘುವಿಗೆ 0, ಗುರುವಿಗೆ 1 ಬರೆಯಿರಿ. ಎರಡು 1 ಪಕ್ಕಪಕ್ಕ ಬರಬಾರದು. ಎಂಟರಲ್ಲಿ ಉಳಿಯುವುದು ಐದೇ: 000, 001, 010, 100, 101. ಎರಡು ಅಕ್ಷರಗಳಿಗಾದರೆ ಮೂರು: 00, 01, 10.

ನಾಲ್ಕು ಅಕ್ಷರಗಳಿಗೆ? ಕೊನೆಯಲ್ಲಿ 0 ಇದ್ದರೆ ಮೊದಲ ಮೂರಕ್ಕೆ 5 ಬಗೆ. ಕೊನೆಯಲ್ಲಿ 1 ಇದ್ದರೆ ಅದರ ಹಿಂದೆ 0 ಇರಲೇಬೇಕು. ಉಳಿದೆರಡಕ್ಕೆ 3 ಬಗೆ. ಒಟ್ಟು 8. ಪಟ್ಟಿಯಿಲ್ಲದೆಯೇ ಒಂದೂ ತಪ್ಪಲಿಲ್ಲ!

ಐದು ಅಕ್ಷರಗಳಿಗೆ ಎಷ್ಟು? ನೀವೇ ಲೆಕ್ಕ ಹಾಕಿರಿ.