ಪಂಡಿತೆ ರಮಾಬಾಯಿಯವರ ಚರಿತ್ರೆ

ಮಾನ್ವಿ ಸೀಮೆಯ ಹಳ್ಳಿಗಳಲ್ಲಾಗಲಿ ಬೇರೆಲ್ಲಿಯಾಗಲಿ, ಗಂಡನು ಹೆಂಡತಿಯನ್ನು ಹೊಡೆಯುವ ಸದ್ದು ನೆರೆಮನೆಗೆ ಕೇಳಿಬಂದಾಗ, ಅದು ಅವರ ಮನೆಯ ಮಾತೆಂದು ಕದವಿಕ್ಕಿಕೊಳ್ಳುವವರು ಬಹು ಮಂದಿ. ನೊಂದ ಸ್ತ್ರೀಯರಿಗೋಸ್ಕರ ತನ್ನ ಕದವನ್ನು ತೆರೆದಿಟ್ಟ ಒಬ್ಬಾಕೆಯ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದಿಡುತ್ತೇವೆ.

ರಮಾಬಾಯಿಯವರು 1858ನೇ ಇಸವಿ ಏಪ್ರಿಲ್ 23ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಅರಣ್ಯದಲ್ಲಿ ಹುಟ್ಟಿದರು. ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಗ್ರಾಮದವರು. ಅವರು ಹೆಂಡತಿಗೆ ಸಂಸ್ಕೃತವನ್ನು ಕಲಿಸಿದ್ದರಿಂದ ಪಂಡಿತರ ಸಭೆಗೆ ಉತ್ತರ ಕೊಡಬೇಕಾಯಿತು. ಆ ತಾಯಿಯೇ ಮಗಳಿಗೆ ಗುರುವಾದಳು. ಪುರಾಣಗಳನ್ನು ಓದಿ ಹೇಳುತ್ತಾ ಊರೂರು ತಿರುಗುತ್ತಿದ್ದ ಆ ಕುಟುಂಬವನ್ನು ಕ್ಷಾಮವು ಹಿಡಿಯಲು, 1874ರಲ್ಲಿ ತಂದೆಯು ಸತ್ತನು. ಅಲ್ಪಕಾಲದಲ್ಲೇ ತಾಯಿಯೂ ತೀರಿಕೊಂಡಳು. ಸಾಯುವ ತಾಯಿಗೋಸ್ಕರ ಮಗಳು ನಾಚಿಕೆಯಿಂದ ಅಳುತ್ತಾ ಒಂದು ಮನೆಯಲ್ಲಿ ಸಜ್ಜೆರೊಟ್ಟಿಯ ಚೂರನ್ನು ಬೇಡಿ ತಂದಳು. ಹಸಿವೆಂದರೇನೆಂಬದು ಆಕೆಗೆ ಆಗಲೇ ತಿಳಿಯಿತು.

ಬಳಿಕ ಅಣ್ಣನ ಸಂಗಡ ದೇಶವನ್ನೆಲ್ಲಾ ನಡೆದು 1878ರಲ್ಲಿ ಕಲ್ಕತ್ತೆಗೆ ಮುಟ್ಟಲು, ಅಲ್ಲಿಯ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಬಿಪಿನ್ ಬಿಹಾರಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಎರಡು ವರುಷ ತುಂಬುವದರೊಳಗೆ ಅವರು ಕಾಲರಾದಿಂದ ತೀರಿಹೋದರು. ಮನೋರಮೆಯೆಂಬ ಎಳೆಕೂಸಿನೊಡನೆ ಉಳಿದ ಆ ವಿಧವೆಯು ಪುಣೆಗೆ ಬಂದು, 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದಳು. ಸ್ತ್ರೀಯರು ತಾವೇ ಕೂಡಿ ಬಾಲ್ಯವಿವಾಹ ಮುಂತಾದ ಕೇಡುಗಳನ್ನು ಎದುರಿಸಬೇಕೆಂಬದೇ ಅದರ ಉದ್ದೇಶವಾಗಿತ್ತು.

1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿ, 1886ರಲ್ಲಿ ಅಮೆರಿಕಕ್ಕೆ ಹೋಗಿ, ಮರುವರುಷ ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಪುಸ್ತಕವನ್ನು ಪ್ರಕಟಿಸಿದರು. ಗಂಡನ ಸಾವಿಗೆ ತಾನೇ ಕಾರಣಳೆಂಬ ನಿಂದೆ, ಬೋಳಿಸಿದ ತಲೆ, ಬೈಗಳು, ಏಟು, ಇವು ಆ ಕಾಲದ ಬಾಲವಿಧವೆಯ ಪಾಲು. ಇಂಥವರಿಗಾಗಿ 1889ರ ಮಾರ್ಚಿಯಲ್ಲಿ ಮುಂಬಯಿಯಲ್ಲಿ ಶಾರದಾ ಸದನವು ತೆರೆಯಲ್ಪಟ್ಟಿತು. ಅಲ್ಲಿ ಕಲಿತ ವಿಧವೆಯರಲ್ಲಿ ಮೊದಲಿಗಳಾದ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದಳು. ಆದರೆ ಕೆಲವು ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗೆ ಬಂದು ಕೂತದ್ದರಿಂದ ಊರಲ್ಲಿ ಗದ್ದಲವೆದ್ದು, ಅನೇಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಬಾಯಿಯವರು ಸದನವನ್ನು ಮುಚ್ಚಲಿಲ್ಲ.

1896-97ರ ಕ್ಷಾಮದಲ್ಲಿ ಮಧ್ಯಪ್ರಾಂತ್ಯದ ಹಸಿದ ಹುಡುಗಿಯರನ್ನು ದುಷ್ಟರು ಮರುಳುಗೊಳಿಸಿ ಕೊಂಡೊಯ್ಯುತ್ತಿದ್ದಾರೆಂದು ತಿಳಿದು, ಆಕೆ ತಾನೇ ಅಲ್ಲಿಗೆ ಹೋಗಿ ಸುಮಾರು 300 ಮಂದಿಯನ್ನು ಕರೆತಂದರು. ಕೇಡಗಾಂವದ ಹೊಲದಲ್ಲಿ ಮುಕ್ತಿ ಸದನವು ಹೀಗೆ ಬೆಳೆಯಿತು. ಮೊದಲು ಬಂದು ಕಲಿತ ವಿಧವೆಯರು ಹಿಂದಿನಿಂದ ಬಂದವರಿಗೆ ಉಪಾಧ್ಯಾಯಿನಿಯರಾದರು. ನೇಯ್ಗೆ, ಗಾಣ, ಹೈನು, ತೋಟ, ಅಚ್ಚುಕೂಟ, ಎಲ್ಲವನ್ನೂ ಸ್ತ್ರೀಯರೇ ನಡಿಸಿದರು. ಯಾಕಂದರೆ ಕೈಯಲ್ಲಿ ಕಸುಬಿಲ್ಲದವಳು ಹೊಡೆಯುವ ಮನೆಗೇ ಹಿಂದಿರುಗಬೇಕಾಗುವದೆಂದು ಬಾಯಿಯವರು ಅರಿತಿದ್ದರು.

ಅದೇ 1897ರಲ್ಲಿ ಪುಣೆಯ ಪ್ಲೇಗು ಆಸ್ಪತ್ರೆಗೆ ಒಯ್ಯಲ್ಪಟ್ಟ ತನ್ನ ಸದನದ ಒಬ್ಬ ಹುಡುಗಿಯು ಕೆಡಿಸಲ್ಪಟ್ಟಳೆಂದು ಆಕೆ ಪತ್ರಿಕೆಯಲ್ಲಿ ಬಯಲಾಗಿ ಬರೆದರು. ಆ ಮಾತು ವಿಲಾಯತಿಯ ಪಾರ್ಲಿಮೆಂಟಿನ ವರೆಗೂ ಮುಟ್ಟಿತು. ಮುಂಬಯಿ ಗವರ್ನರರು ಅದನ್ನು ಅಲ್ಲಗಳೆದರೂ ಬಾಯಿಯವರು ತಮ್ಮ ಮಾತನ್ನು ಹಿಂದೆಗೆಯಲಿಲ್ಲ. ಸ್ವಜನರ ತಪ್ಪನ್ನು ತೋರಿಸಿದ ಬಾಯಿ ದೊರೆಗಳ ತಪ್ಪನ್ನೂ ಮುಚ್ಚಿಡಲಿಲ್ಲವೆಂಬದನ್ನು ಗಮನಿಸಿರಿ.

ನಮ್ಮ ರಾಯಚೂರಿನಂತೆಯೇ ಅಂದು ನಿಜಾಮರ ರಾಜ್ಯಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ 1912ರಲ್ಲಿ ಆಕೆಯ ಶಾಲೆಯು ಸ್ಥಾಪಿತವಾಗಿ, ಮನೋರಮೆಯವರು ಅದರ ಮುಖ್ಯೋಪಾಧ್ಯಾಯಿನಿಯಾದರು. 1921ರಲ್ಲಿ ಆ ಮಗಳು ತೀರಿಹೋಗಲು, ತಾಯಿಯು ದುಃಖವನ್ನು ನುಂಗಿಕೊಂಡು ಮರಾಠೀ ಸತ್ಯವೇದದ ಭಾಷಾಂತರವನ್ನು ಮುಗಿಸಿ, 1922ನೇ ಇಸವಿ ಏಪ್ರಿಲ್ 5ರಲ್ಲಿ ವಿಶ್ರಾಂತಿ ಹೊಂದಿದರು. ಮುಕ್ತಿ ಸದನವು ಇಂದಿಗೂ ನಡೆಯುತ್ತಿದೆ.

ಸಹೋದರಿಯರೇ, ಬಾಯಿಯವರ ಕಾಲದಲ್ಲಿ ಇಲ್ಲದಿದ್ದ ಒಂದು ಸಹಾಯವು ಇಂದು ನಮಗುಂಟು. 2005ರ ಕಾಯಿದೆಯ ಪ್ರಕಾರ, ಮನೆಯು ತನ್ನ ಹೆಸರಿನಲ್ಲಿ ಇಲ್ಲದಿದ್ದರೂ ಹೆಂಡತಿಗೆ ಅದರಲ್ಲಿ ವಾಸಿಸುವ ಹಕ್ಕಿದೆ. ಹೊಡೆಯದಂತೆ ತಡೆಯುವ ಆಜ್ಞೆಯನ್ನು ಕೋರ್ಟಿನಿಂದ ಪಡೆಯಬಹುದು. ಆದರೂ ಪೆಟ್ಟು ತಿಂದವಳು ಒಬ್ಬಳೇ ಕೋರ್ಟಿನ ಮೆಟ್ಟಲು ಹತ್ತುವದು ಕಷ್ಟ. ನಾಲ್ವರು ನೆರೆಯವರು ಸಂಗಡ ಹೋದರೆ ಅವಳ ಕಾಲು ನಡುಗದು. ಗಂಡಸರಾದ ಸಭೆಯ ಹಿರಿಯರೇ, ಅಂಥವಳು ನಿಮ್ಮಲ್ಲಿಗೆ ಬಂದರೆ, ತಾಳಿಕೋ ಎಂದು ಹೇಳಿ ಹಿಂದಕ್ಕೆ ಕಳುಹಿಸಬೇಡಿರಿ. ಆ ರಾತ್ರಿ ಅವಳಿಗೂ ಮಕ್ಕಳಿಗೂ ರೊಟ್ಟಿ, ಹಾಸಿಗೆ, ಒಳಗಿನಿಂದ ಅಗುಳಿ ಹಾಕಿಕೊಳ್ಳುವ ಒಂದು ಕೋಣೆ ಯಾರ ಮನೆಯಲ್ಲಿ ಸಿಗುವದೆಂಬದನ್ನು ಇಂದೇ ಗೊತ್ತುಮಾಡಿರಿ.